ಕಟ್ಟಂಗಿಲ್ಲ, ಬಿಚ್ಚಂಗಿಲ್ಲ

ಅರ್ಧಕ್ಕೆ ಬಿಟ್ಟ ಕೆಲಸ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಶ್ರೀರಾಂಪುರದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಲೇಡೀಸ್ ಟೈಲರಿಂಗ್ ಅಂಗಡಿ ಇದೆ. ಬುಧವಾರ ಕೊಡುತ್ತೇನೆ ಎಂದ ರವಿಕೆಯನ್ನು ಬುಧವಾರವೇ ಕೊಡುವವಳು ನಾನು. ಕೊಕ್ಕೆ ಹಾಕದ, ಅಂಚು ಮಡಿಸದ ಒಂದು ಬಟ್ಟೆ ಕಣ್ಣೆದುರು ಬಿದ್ದಿದ್ದರೆ ಊಟ ಸೇರುವುದಿಲ್ಲ. ಅಂಥವಳನ್ನು ದೇವರು ಹುಡುಕಿ ತಂದು ಸೇರಿಸಿದ್ದು ಚಂದ್ರಕ್ಕನ ಮನೆಗೆ.

ಚಂದ್ರಕ್ಕ ಎಂದರೆ ನನ್ನ ಅತ್ತೆ. ಅಂಗನವಾಡಿ ಟೀಚರಾಗಿದ್ದು ನಿವೃತ್ತರಾದವರು. ಪ್ರಾಯದಲ್ಲಿ ಚಿತ್ರದುರ್ಗಕ್ಕೆ ಟ್ರೇನಿಂಗಿಗೆ ಹೋದಾಗ ಯಾರೋ ಮೇಡಮ್ಮು ಕೈಗೆ ಕ್ರೋಷಾ ಕಡ್ಡಿ ಕೊಟ್ಟು ಉಲ್ಲನ್ ದಾರದಲ್ಲಿ ಹೆಣೆಯುವುದು ಕಲಿಸಿದರಂತೆ. ಅಂದಿನಿಂದ ಇವರು ಆ ಕಡ್ಡಿ ಕೆಳಗಿಟ್ಟಿಲ್ಲ. ಇಟ್ಟಿಲ್ಲ ನಿಜ, ಆದರೆ ಒಂದನ್ನಾದರೂ ಮುಗಿಸಿ ಏಳುತ್ತಾರೆಯೇ ಎಂದು ನನ್ನನ್ನು ಕೇಳಿ. ನಡುಮನೆಯ ಗೋಡೆಯುದ್ದಕ್ಕೂ ಮೊಳೆಗಳು, ಮೊಳೆಗೊಂದು ಚೀಲ. ಬಟ್ಟೆ ಅಂಗಡಿಯ ಚೀಲ, ಗೊಬ್ಬರದ ಕಂಪನಿಯವರು ಕೊಟ್ಟ ಚೀಲ, ಹಳೆ ಲಂಗದಲ್ಲಿ ನಾನೇ ಹೊಲಿದುಕೊಟ್ಟ ಕೈಚೀಲ. ಒಂದೊಂದರಲ್ಲೂ ಒಂದೊಂದು ಅರೆಬರೆ. ಕಾಲುಚೀಲ ಒಂದಿದ್ದರೆ ಇನ್ನೊಂದಿಲ್ಲ. ಯಾರದೋ ಬಾಗಿಲಿಗೆ ಎಂದು ಎತ್ತಿದ ತೋರಣಕ್ಕೆ ಮಾವಿನೆಲೆ ಹುಟ್ಟಿಯೇ ಇಲ್ಲ. ನನ್ನ ಗಂಡ ಪ್ರಭು ಕಾಲೇಜು ಸೇರಿದ ವರ್ಷ ಎರಡು ಕಡ್ಡಿಯಲ್ಲಿ ಶುರುವಾದ ಸ್ವೆಟರಿಗೆ ಇವತ್ತಿಗೂ ಒಂದೇ ತೋಳು. ಅವರೀಗ ಹಿರಿಯೂರಿನ ತೆಂಗಿನಕಾಯಿ ಮಂಡಿಯಲ್ಲಿ ಕೆಲಸ ಮಾಡುತ್ತಾರೆ, ಹೊಟ್ಟೆ ಬಂದಿದೆ. ಇನ್ನೊಂದು ತೋಳು ಬಂದರೂ ಆ ಸ್ವೆಟರು ಅವರ ಕುತ್ತಿಗೆಯಿಂದ ಕೆಳಗೆ ಇಳಿಯುವುದಿಲ್ಲ.

ಆದರೆ ಚೀಲಗಳಲ್ಲಿ ಹೆಚ್ಚಿನವು ಕೂಸಿನ ತಲೆಗೆ ಹಾಕುವ ಕುಲಾವಿಗಳು. ಹುಟ್ಟುವ ಮುಂಚೆ ಮಗುವಿಗೆ ಬಟ್ಟೆ ಸಿದ್ಧ ಮಾಡಬಾರದು ಎಂದು ನಮ್ಮ ಕಡೆ ಎಲ್ಲರೂ ನಡೆಸಿಕೊಂಡು ಬಂದಿದ್ದಾರೆ. ತಿಳಿಯದ ಬಸುರಿ ಯಾರಾದರೂ ಅಂಗಡಿಗೆ ಬಂದು ಕೂಸಿಗೆ ಜಬಲಾ ಅಂಗಿ ಹೊಲಿದುಕೊಡು ಎಂದರೆ ನಾನೂ ಮೊದಲು ಹಡೆದು ಬಾ ತಾಯಿ ಎಂದು ಕಳಿಸುತ್ತೇನೆ. ಅತ್ತೆ ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಊರಲ್ಲಿ ಯಾರು ಬಸುರಿಯಾದರೂ ಕುಲಾವಿ ಶುರು ಮಾಡುವುದು, ಹೊಟ್ಟೆ ಬೆಳೆದ ಹಾಗೆ ಅದನ್ನೂ ಸುತ್ತು ಸುತ್ತಾಗಿ ಬೆಳೆಸುವುದು, ಕೊನೆಯ ಸುತ್ತು ಮಾತ್ರ ಬಿಟ್ಟು ಕಾಯುವುದು. ಕಡೆಯ ಕುಣಿಕೆ ಕಟ್ಟುವ ತನಕ ಅದು ಬಟ್ಟೆಯಲ್ಲ, ಬರೀ ದಾರ. ದೇವರು ಬಂದು ಕೇಳಿದರೂ ಇವರಲ್ಲಿ ಉತ್ತರ ಇತ್ತು. ಹೆರಿಗೆಯಾದ ಸುದ್ದಿ ಬಂದ ಗಳಿಗೆಯಲ್ಲಿ ಚೀಲ ಇಳಿಸಿ, ಸುತ್ತು ಮುಗಿಸಿ, ಗಂಟು ಹಾಕಿ, ಮಗುವಿಗೆ ಎಣ್ಣೆನೀರು ಹಾಕುವ ಹೊತ್ತಿಗೆ ಕಳಿಸಿಬಿಡುತ್ತಿದ್ದರು. ಇದರ ಜೊತೆಗೆ ಇನ್ನೊಂದು ಕಟ್ಟುಪಾಡನ್ನೂ ಅವರೇ ಇಟ್ಟುಕೊಂಡಿದ್ದರು. ಮಗುವಿನ ಹೆಸರಲ್ಲಿ ಎತ್ತಿದ ದಾರವನ್ನು ಯಾವ ಕಾರಣಕ್ಕೂ ಬಿಚ್ಚಬಾರದು.

ಮದುವೆಯಾದ ವರ್ಷವೇ ಆ ಗೋಡೆಯ ಮೇಲೆ ನನ್ನದೂ ಒಂದು ಚೀಲ ಬಂತು. ಅರಿಶಿನ ಬಣ್ಣದ ದಾರ. ಬೆಳಿಗ್ಗೆ ಅಂಗಡಿಗೆ ಹೋಗುವಾಗ ಒಮ್ಮೆ ಅದನ್ನು ಮುಟ್ಟಿ ಹೋಗುತ್ತಿದ್ದೆ. ಐದನೇ ತಿಂಗಳಲ್ಲಿ ಮಗು ನಿಲ್ಲಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದಾಗ ನನ್ನ ಮೊಳೆ ಖಾಲಿಯಾಗಿತ್ತು. ಆಮೇಲೆ, ಸರಿಯಾಗಿ ನನಗೆ ದಿನ ತುಂಬಬೇಕಿದ್ದ ಹೊತ್ತಿಗೇ, ಎದುರುಮನೆ ಹುಲಿಗೆಮ್ಮನ ಮೊಮ್ಮಗಳು ಚೌಡೇಶ್ವರಿ ಹುಟ್ಟಿದಳು. ನೋಡಲು ಹೋದರೆ ಆ ಕೂಸಿನ ತಲೆಯ ಮೇಲೆ ಅರಿಶಿನ ಬಣ್ಣದ ಕುಲಾವಿ.

ನಾನು ಏನೂ ಕೇಳಲಿಲ್ಲ. ಕೇಳುವುದೇನು, ಕಣ್ಣಿಗೆ ಕಾಣುತ್ತಿತ್ತಲ್ಲ. ಊರಿಗೆಲ್ಲ ಬಿಚ್ಚಬಾರದು ಎಂದು ಹೇಳುವ ಹೆಂಗಸು ನನ್ನ ಮಗುವಿನದನ್ನು ಬಿಚ್ಚಿ ಇನ್ನೊಂದು ಮಗುವಿಗೆ ಹೆಣೆದು ಹಾಕಿದ್ದರು. ಸಾಲದು ಎಂಬಂತೆ ಆ ಚೌಡಿ ಎಂದರೆ ಅತ್ತೆಗೆ ಇನ್ನಿಲ್ಲದ ಅಕ್ಕರೆ. ಹುಡುಗಿ ಬೆಳೆದ ಹಾಗೆ ಆಗಾಗ ಕರೆದು ಬಾಗಿಲ ಪಕ್ಕದ ಗೋಡೆಗೆ ನಿಲ್ಲಿಸಿ, ನೆತ್ತಿಯಿಂದ ಹಿಮ್ಮಡಿಯ ತನಕ ಕೈಯಾಡಿಸಿ, ಕೈಗೆ ಕಡಲೆಮಿಠಾಯಿ ಕೊಟ್ಟು ಕಳಿಸುತ್ತಿದ್ದರು. ನೋಡಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ಒಳಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಡುತ್ತಿದ್ದೆ. ಅತ್ತೆ ಸೊಸೆ ಜಗಳವಾಡಲಿಲ್ಲ. ಅಡುಗೆಯ ಬಗ್ಗೆ, ಕರೆಂಟಿನ ಬಗ್ಗೆ, ಬಸ್ಸಿನ ಬಗ್ಗೆ ಮಾತಾಡುತ್ತಾ ವರ್ಷಗಳು ಹೋದವು.

ಮತ್ತೆ ಬಸುರಿಯಾಗಲು ನನಗೆ ಬಹಳ ಕಾಲ ಹಿಡಿಯಿತು. ಡಾಕ್ಟರುಗಳನ್ನು ಕಂಡೆವು, ಹಾಲುರಾಮೇಶ್ವರಕ್ಕೆ ಹೋಗಿ, ಬೇಡಿದ್ದು ಕೊಡುತ್ತದೆ ಎನ್ನುವ ಅಲ್ಲಿನ ಕೊಳದ ಮುಂದೆ ಸೆರಗೊಡ್ಡಿ ಕುಳಿತು ಬಂದೆವು. ಆಸೆ ಬಿಟ್ಟಿದ್ದೆವು ಎನ್ನುವಾಗ ಈ ವರ್ಷ ಬಸಿರು ನಿಂತಿತು. ಸುದ್ದಿ ಕೇಳಿ ಅತ್ತೆ ಪೆಟ್ಟಿಗೆಯಿಂದ ಹೊಸ ಉಲ್ಲನ್ ಉಂಡೆ ತೆಗೆದಿದ್ದನ್ನು ನೋಡಿ ನಾನು ಅಲ್ಲೇ ತಡೆದೆ.

"ನನ್ನ ಮಗೀಗೆ ನೀವು ಏನೂ ಹೆಣೀಬ್ಯಾಡ್ರಿ ಅತ್ತೆ. ಆ ಗ್ವಾಡೆ ಮ್ಯಾಲೆ ನನ್ನ ಚೀಲ ಬ್ಯಾಡ."

ಅವರು ಆಗಲವ್ವ ಎಂದು ಉಂಡೆಯನ್ನು ಮತ್ತೆ ಪೆಟ್ಟಿಗೆಗೆ ಹಾಕಿದರು. ಗೆದ್ದೆ ಎಂದುಕೊಂಡೆ. ಆದರೆ ಒಳಗೊಳಗೆ ಅಳುಕು. ಊರಿನ ಪ್ರತಿ ಬಸುರಿಗೂ ಒಂದು ಚೀಲ ನೇತಾಡುತ್ತಿದೆ, ನನ್ನ ಮಗುವಿಗೆ ಮಾತ್ರ ಇಲ್ಲ. ಹಾಗಾದರೂ ಉಳಿಯುತ್ತದೆಯೋ, ಹೀಗೆ ಮಾಡಿದ್ದಕ್ಕೇ ಹೋಗುತ್ತದೆಯೋ ಎಂದು ದಿನವೂ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೆದರುತ್ತಿದ್ದೆ.

ನನಗೆ ಆರು ತಿಂಗಳಾಗಿದ್ದಾಗ ಅತ್ತೆ ಒಗೆಯುವ ಕಲ್ಲಿನ ಹತ್ತಿರ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಹೊಸದುರ್ಗದಲ್ಲಿ ಸಿಮೆಂಟು ಕಟ್ಟು ಹಾಕಿ ಕಳಿಸಿದರು. ಮಂಚ ಬಿಟ್ಟು ಏಳದ ಹಾಗೆ ಪ್ರಭು ಕಟ್ಟಪ್ಪಣೆ ಮಾಡಿದರು. ಗೋಡೆಯ ಮೇಲೆ ಅಷ್ಟೂ ಚೀಲ, ಕೈ ಮಾತ್ರ ಇಲ್ಲ. ಅದೇ ವಾರ ಹಿಂದಿನ ಬೀದಿಯ ಈರಕ್ಕನ ಮಗಳು ಹೊಳಲ್ಕೆರೆಯಲ್ಲಿ ಹೆತ್ತಳೆಂದು ಫೋನು ಬಂತು. ಅತ್ತೆ ಗೋಡೆಯನ್ನೊಮ್ಮೆ ನೋಡಿ ನನ್ನ ಮುಖ ನೋಡಿದರು. ಅರ್ಧಕ್ಕೆ ನಿಂತ ಕೆಲಸ ನೋಡಿ ಸುಮ್ಮನಿರುವ ಜಾಯಮಾನ ನನ್ನದಲ್ಲ. ನನ್ನ ಜಗಳ ಅತ್ತೆಯ ಹತ್ತಿರ, ಈರಕ್ಕನ ಮೊಮ್ಮಗುವಿನ ಹತ್ತಿರ ಅಲ್ಲ. ಯಾವ ಚೀಲ ಎಂದು ಕೇಳಿದೆ.

ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು. ಕಿಟಕಿಯ ಪಕ್ಕದ್ದು, ತಿಳಿ ಹಸಿರು, ಕಡ್ಡಿ ಕಿವಿಯ ಮಗ್ಗುಲಲ್ಲಿ ನಿಂತಿದೆ, ಅಲ್ಲಿಂದ ಒಂದು ಬಿಟ್ಟು ಒಂದು ಕುಣಿಕೆಗೆ ಹಾಕುತ್ತಾ ಹೋಗು, ಹಣೆಯ ಹತ್ತಿರ ಬಿಗಿ ಮಾಡಬೇಡ, ಆ ಮನೆಯವರದ್ದೆಲ್ಲ ದೊಡ್ಡ ತಲೆ. ಚೀಲ ತೆಗೆದು ನೋಡಿದರೆ ಹೇಳಿದ್ದು ಹೇಳಿದಂತೆಯೇ ಇತ್ತು. ಕಡ್ಡಿ ಕಿವಿಯ ಮಗ್ಗುಲಲ್ಲೇ ನಿಂತಿತ್ತು. ಪಕ್ಕದ ಚೀಲದಲ್ಲಿ ಏನಿದೆ ಎಂದು ಸುಮ್ಮನೆ ಪರೀಕ್ಷೆ ಮಾಡಿದೆ. ಅದನ್ನೂ ಹೇಳಿದರು. ಅದರಾಚೆಯದನ್ನೂ ಹೇಳಿದರು. ಎಲ್ಲೂ ಬರೆದಿಟ್ಟಿದ್ದಿಲ್ಲ. ಅಷ್ಟು ಚೀಲಗಳು, ಅಷ್ಟು ಬಣ್ಣಗಳು, ಎಲ್ಲಿ ಎಷ್ಟನೇ ಕುಣಿಕೆಯಲ್ಲಿ ಕೈ ಬಿಟ್ಟಿದೆ, ಯಾವ ಬಸುರಿಗೆ ಎಷ್ಟು ತಿಂಗಳು, ಯಾವ ಮನೆಯವರಿಗೆ ಕಿವಿ ಅಗಲ, ಎಲ್ಲವೂ ಆ ಮುಚ್ಚಿದ ಕಣ್ಣಿನ ಹಿಂದೆ ಒಟ್ಟಿಗೆ ಬೆಳೆಯುತ್ತಿದ್ದವು. ನಾನಾದರೋ ಒಂದು ರವಿಕೆಯ ಅಳತೆಯನ್ನೂ ಬರೆದಿಡದೆ ಕತ್ತರಿ ಮುಟ್ಟುವವಳಲ್ಲ. ಇಷ್ಟು ವರ್ಷ ಈ ಹೆಂಗಸನ್ನು ನಾನು ಸೋಮಾರಿ ಎಂದುಕೊಂಡಿದ್ದೆನಲ್ಲ.

ಕೆಲಸ ಕಲಿಯುತ್ತಾ ಹೋದೆ. ಕುಲಾವಿ ಶುರುವಾಗುವುದು ನೆತ್ತಿಯಿಂದ. ಒಂದು ಕುಣಿಕೆ, ಅದರ ಸುತ್ತ ಒಂದು ಸುತ್ತು, ಸುತ್ತಿನಿಂದ ಸುತ್ತಿಗೆ ಕುಣಿಕೆ ಹೆಚ್ಚಿಸುತ್ತಾ ಹೋದರೆ ರೊಟ್ಟಿಯ ಹಾಗೆ ಚಪ್ಪಟೆಯಾಗಿ ಅಗಲವಾಗುತ್ತದೆ. ನೆತ್ತಿ ತುಂಬುವಷ್ಟಾದ ಮೇಲೆ ಹೆಚ್ಚಿಸುವುದನ್ನು ನಿಲ್ಲಿಸಬೇಕು. ಆಗ ಅದು ತಾನಾಗಿ ಬಾಗಿ, ಬಟ್ಟಲಾಗಿ, ಕಿವಿಯ ಕಡೆಗೆ ಇಳಿಯುತ್ತದೆ. ಬಾಗಿಸದೆ ಹೋದರೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ ಅತ್ತೆ ತಲೆದಿಂಬನ್ನು ಸರಿಮಾಡಿಕೊಳ್ಳುತ್ತಾ, ಅಗಲವಾಗುತ್ತಲೇ ಹೋಗುತ್ತದೆ ಎಂದರು.

ಕೈಯ ಕಟ್ಟು ತೋರಿಸಲು ಪ್ರಭು ಅವರನ್ನು ಹೊಸದುರ್ಗಕ್ಕೆ ಕರೆದುಕೊಂಡು ಹೋದ ದಿನ ನಾನು ಅಂಗಡಿ ತೆಗೆಯಲಿಲ್ಲ. ಏಳನೇ ತಿಂಗಳು, ಕಾಲುಗಳು ಬಾತಿದ್ದವು. ಅತ್ತೆ ವಾರಗಟ್ಟಲೆ ಮಲಗಿದ್ದ ಹಾಸಿಗೆಯನ್ನಾದರೂ ಬದಲಿಸೋಣ ಎಂದು ಹಾಸು ತೆಗೆದೆ, ಹೊದಿಕೆ ತೆಗೆದೆ. ತಲೆದಿಂಬಿನ ಗವಸು ಅವರು ಯಾವತ್ತೂ ನನ್ನ ಕೈಗೆ ಕೊಟ್ಟವರಲ್ಲ, ತಾವೇ ಒಗೆದು ತಾವೇ ಹಾಕುತ್ತಿದ್ದರು. ಈಗ ಎಳೆದೆ. ಒಳಗಿಂದ ಬಂದದ್ದು ಹತ್ತಿಯ ದಿಂಬಲ್ಲ. ಮಡಿಸಿ ಮಡಿಸಿ ಇಟ್ಟ ಉಲ್ಲನ್. ಬಿಡಿಸಿದೆ, ಇನ್ನೂ ಬಿಡಿಸಿದೆ, ಮಂಚದ ಅಗಲಕ್ಕೂ ಹರಡಿತು. ದುಂಡಗೆ, ದೊಡ್ಡದಾಗಿ, ಬಣ್ಣ ಬಣ್ಣದ ಬಳೆಗಳನ್ನು ಒಂದರೊಳಗೊಂದು ಇಟ್ಟ ಹಾಗೆ. ಅಂಚಿನಲ್ಲಿ ಕೊನೆಯ ಕುಣಿಕೆ ಬಿಚ್ಚಿಹೋಗದ ಹಾಗೆ ಒಂದು ಪಿನ್ನು ಚುಚ್ಚಿದ್ದರು. ನಟ್ಟನಡುವೆ, ಅಂಗೈಯಷ್ಟಗಲ, ಅರಿಶಿನ ಬಣ್ಣ.

ನನ್ನ ಚೀಲದ್ದು. ಗುರುತು ಹಿಡಿಯಲು ನನಗೇನೂ ಕಷ್ಟವಾಗಲಿಲ್ಲ, ದಿನವೂ ಮುಟ್ಟಿ ಹೋಗುತ್ತಿದ್ದೆನಲ್ಲ. ಬಿಚ್ಚಿರಲಿಲ್ಲ. ನೆತ್ತಿ ಮುಗಿದಲ್ಲಿ ಬಾಗಿಸದೆ ಹಾಗೇ ಹೆಚ್ಚಿಸುತ್ತಾ ಹೋಗಿದ್ದರು. ಅರಿಶಿನದ ಸುತ್ತ ತಿಳಿನೀಲಿ, ಅದರ ಸುತ್ತ ಬಿಳಿ, ಆಮೇಲೆ ಬದನೆ ಬಣ್ಣ. ಅವೂ ನನಗೆ ಗೊತ್ತಿದ್ದ ದಾರಗಳೇ, ಊರಿನ ಮಕ್ಕಳ ತಲೆಯ ಮೇಲೆ ನೋಡಿದವು.

ಮೊದಲು ಬಂದದ್ದು ಸಿಟ್ಟು. ನನಗೆ ಹೇಳದೆ ನನ್ನದನ್ನು ತಲೆಯಡಿ ಇಟ್ಟುಕೊಂಡು ಮಲಗುತ್ತಿದ್ದರಲ್ಲ ಎಂದು. ಆಮೇಲೆ ಅಲ್ಲಲ್ಲಿ ಸಣ್ಣ ಕೆಂಪು ದಾರದ ಗಂಟುಗಳು ಕಂಡವು. ಒಂದರಿಂದ ಇನ್ನೊಂದಕ್ಕೆ ಅಂತರ ಒಂದೇ ಸಮ ಇರಲಿಲ್ಲ. ಒಳಗಡೆಯವು ದೂರ ದೂರ, ಹೊರಗೆ ಬಂದ ಹಾಗೆ ಹತ್ತಿರ ಹತ್ತಿರ. ಆ ಅಂತರವನ್ನು ನಾನು ಎಲ್ಲೋ ಬಲ್ಲೆ ಅನ್ನಿಸಿತು. ತೀರ ಒಳಗಿನ ಗಂಟಿನಿಂದ ಅದೇ ಸುತ್ತಿನ ಎದುರು ಬದಿಗೆ ಗೇಣು ಇಟ್ಟೆ. ಆಗತಾನೆ ಹುಟ್ಟಿದ ಕೂಸು, ತಲೆಯಿಂದ ಕಾಲಿಗೆ. ಮುಂದಿನ ಗಂಟಿಗೆ ಇಟ್ಟೆ. ವರ್ಷ ತುಂಬಿದ ಮಗು. ಅದರ ಮುಂದಿನದು ಎರಡು ತುಂಬಿದ್ದು. ಮಕ್ಕಳು ಮೊದಲ ವರ್ಷ ದಡದಡನೆ ಬೆಳೆದು ಆಮೇಲೆ ನಿಧಾನವಾಗುತ್ತಾರೆ, ಟೈಲರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕೊನೆಯ ಅಂಚಿಗೆ ಬಂದಾಗ ಗೇಣು ಇಡುವ ಅಗತ್ಯವೇ ಇರಲಿಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ ಒಂದನೇ ಕ್ಲಾಸಿಗೆ ಸೇರುವ ಹುಡುಗಿಯರಿಗೆ ನಾನು ಯೂನಿಫಾರಂ ಹೊಲಿಯುತ್ತೇನೆ. ಎದುರಿಗೆ ಬಂದು ನಿಲ್ಲುವ ಆ ಎತ್ತರ ನನ್ನ ಕಣ್ಣಿಗೆ ಗೊತ್ತು. ನನ್ನ ಮಗು ಬದುಕಿದ್ದಿದ್ದರೆ ಈ ವರ್ಷ ಒಂದನೇ ಕ್ಲಾಸು.

ಮಂಚದ ಪಕ್ಕ ನೆಲದ ಮೇಲೆ ಕುಳಿತುಬಿಟ್ಟೆ. ಚೌಡಿಯನ್ನು ಗೋಡೆಗೆ ನಿಲ್ಲಿಸಿ ಕೈಯಾಡಿಸುತ್ತಿದ್ದುದು ಏಕೆಂದು ಆಗ ತಿಳಿಯಿತು. ಅದೇ ತಿಂಗಳಲ್ಲಿ ಹುಟ್ಟಿದ ಮಗು ಅದು. ಅವಳ ಎತ್ತರ ಹಿಡಿದು ಇದನ್ನು ಬೆಳೆಸುತ್ತಿದ್ದರು. ನಾನು ಒಂದು ಐದು ತಿಂಗಳ ಸಂಕಟವನ್ನು ಎದೆಯಲ್ಲಿ ಇಟ್ಟುಕೊಂಡು ಅಲ್ಲೇ ನಿಂತಿದ್ದೆ. ಈ ಹೆಂಗಸು ಅದನ್ನು ನಡೆಯುವಷ್ಟು, ಓಡುವಷ್ಟು, ಸ್ಕೂಲಿಗೆ ಹೋಗುವಷ್ಟು ದೊಡ್ಡದು ಮಾಡಿದ್ದರು. ಈ ಮನೆಯಲ್ಲಿ ಯಾರ ಮುಂದೆಯೂ ಬಗ್ಗದ ನನ್ನ ತಲೆ ಆ ಉಲ್ಲನ್ ಬಟ್ಟೆಯ ಮೇಲೆ ತಾನಾಗಿ ಬಗ್ಗಿತು.

ಅವರು ಬಂದಾಗ ಮಧ್ಯಾಹ್ನ. ನಾನು ಅದನ್ನು ಮಡಿಸಿಟ್ಟಿರಲಿಲ್ಲ. ಅತ್ತೆ ಬಾಗಿಲಲ್ಲೇ ನಿಂತರು. ಏನೋ ಬೈಗುಳ ಬೀಳುತ್ತದೆ ಎಂಬಂತೆ ಮುಖ ಮಾಡಿಕೊಂಡು, ಆಮೇಲೆ ನಿಧಾನವಾಗಿ ಬಂದು ನನ್ನ ಪಕ್ಕ ಮಂಚದ ತುದಿಗೆ ಕುಳಿತರು.

"ಕಟ್ಟಂಗಿಲ್ಲ, ಬಿಚ್ಚಂಗಿಲ್ಲ. ಎತ್ತಿದ ದಾರ ಕೈಯಾಗೇ ಐತೆ. ಏನ್ಮಾಡ್ಲವ್ವ ನಾನು? ಬೆಳೆಸ್ದೆ."

ಚೌಡಿಯ ಕುಲಾವಿಯದು ಜೊತೆಗೆ ತಂದಿದ್ದ ಇನ್ನೊಂದು ಉಂಡೆಯಂತೆ. ಒಂದೇ ತಿಂಗಳ ಮಕ್ಕಳು, ಒಂದೇ ಬಣ್ಣ ಇರಲಿ ಎಂದು ಹೆಣೆದಿದ್ದರಂತೆ. ನಾನು ಕೇಳಿದ್ದರೆ ಹೇಳುತ್ತಿದ್ದರಂತೆ. ನನ್ನ ಮುಖ ನೋಡಿ, ಎಲ್ಲಿ ಕಿತ್ತು ಒಲೆಗೆ ಹಾಕುತ್ತೇನೋ ಎಂದು ಹೆದರಿ ದಿಂಬಿನೊಳಗೆ ಇಟ್ಟರಂತೆ. ಇಷ್ಟೊಂದು ಬಣ್ಣ ಏಕೆ ಎಂದು ಕೇಳಿದೆ. ಊರಲ್ಲಿ ಹುಟ್ಟಿದ ಮಗುವಿನ ಕುಲಾವಿ ಮುಗಿದಾಗಲೆಲ್ಲ ಉಳಿದ ದಾರದಲ್ಲಿ ಇದಕ್ಕೂ ಒಂದು ಸುತ್ತು ಹಾಕಿದ್ದರು.

"ಒಂಟಿಯಾಗಿ ಬೆಳೀಬಾರ್ದಲ್ಲ" ಎಂದರು.

ನಾನು ಅತ್ತುಬಿಟ್ಟೆ. ಆಸ್ಪತ್ರೆಯಿಂದ ಬಂದಾಗ ಅಳದ ಅಳುವನ್ನೆಲ್ಲ ಅವರ ಮಡಿಲಲ್ಲಿ ಮುಖವಿಟ್ಟು ಅತ್ತು ಮುಗಿಸಿದೆ. ಅವರು ಸಿಮೆಂಟು ಕಟ್ಟಿದ್ದ ಕೈಯನ್ನೇ ನನ್ನ ಬೆನ್ನ ಮೇಲೆ ಇಟ್ಟಿದ್ದರು. ಭಾರವಾಗಿತ್ತು, ತೆಗೆಯಿರಿ ಎನ್ನಲು ಮನಸ್ಸು ಬರಲಿಲ್ಲ. ಪ್ರಭು ಏನೂ ಅರ್ಥವಾಗದೆ ಬಾಗಿಲಲ್ಲಿ ನಿಂತಿದ್ದು, ಕಾಫಿ ಮಾಡುತ್ತೇನೆ ಎಂದು ಒಳಗೆ ಹೋದವರು ಸಕ್ಕರೆ ಹಾಕುವುದನ್ನು ಮರೆತು ತಂದರು. ಅದನ್ನೇ ಕುಡಿದೆವು.

ಸಂಜೆ ನಾನೇ ಪೆಟ್ಟಿಗೆಯಿಂದ ಆ ಹೊಸ ಉಂಡೆಯನ್ನು ತೆಗೆದು ತಂದು ಅವರ ಮುಂದೆ ಇಟ್ಟೆ. ಹೊಟ್ಟೆಯಲ್ಲಿರುವುದಕ್ಕೂ ದಾರ ಎತ್ತೋಣ, ಮೊದಲ ಕುಣಿಕೆ ಹೇಗೆ ಹಾಕುವುದು ಹೇಳಿಕೊಡಿ ಎಂದೆ. ಮಂಚದ ಮೇಲಿದ್ದ ಆ ದೊಡ್ಡದನ್ನೇ ಇದಕ್ಕೆ ಹೊದಿಸಬಾರದೇ ಎಂದು ಪ್ರಭು ಪಾಪ ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಅತ್ತೆ ತಲೆಯಾಡಿಸಿದರು. ಅದು ಅದರದ್ದು, ಇದಕ್ಕೆ ಬೇರೆ ಎಂದರು. ಅವರ ಎಡಗೈ ದಾರ ಹಿಡಿಯಿತು, ನನ್ನ ಬಲಗೈ ಕಡ್ಡಿ ಹಿಡಿಯಿತು. ಎರಡು ಕೈ ಸೇರಿ ಮೊದಲ ಕುಣಿಕೆ ಬಿತ್ತು.

ದಿನ ತುಂಬಿ ಹೊಸದುರ್ಗದ ಆಸ್ಪತ್ರೆಯಲ್ಲಿ ಹೆಣ್ಣು ಹುಟ್ಟಿತು. ಕೆಂಪಗೆ, ಸಿಟ್ಟಿನ ಮುಖ, ಥೇಟ್ ನನ್ನ ಹಾಗೆ ಎಂದು ಪ್ರಭು ಹೇಳಿದರು. ಅಷ್ಟು ಹೊತ್ತಿಗೆ ಅತ್ತೆಯ ಕೈಯ ಕಟ್ಟು ಬಿಚ್ಚಿದ್ದರು. ಮಗುವನ್ನು ಮಡಿಲಲ್ಲಿ ಹಾಕಿಕೊಂಡು, ಬಂದವರಿಗೆಲ್ಲ ತಾವೇ ಉತ್ತರ ಹೇಳುತ್ತಾ ಕುಳಿತಿದ್ದರು. ಎಷ್ಟು ತೂಕ, ಯಾವ ಹೊತ್ತು, ಹಾಲು ಕುಡಿಯುತ್ತಿದೆಯೇ, ಯಾವುದಕ್ಕೂ ನನಗೆ ಬಾಯಿ ತೆರೆಯುವ ಕೆಲಸ ಬಿಟ್ಟಿರಲಿಲ್ಲ. ಪಕ್ಕದ ಮಂಚದಲ್ಲಿ ಮಗಳ ಬಾಣಂತನಕ್ಕೆ ಎಂದು ಬಂದಿದ್ದ ಹೆಂಗಸೊಬ್ಬರು ಇತ್ತ ತಿರುಗಿ ಚೊಚ್ಚಲ ಹೆರಿಗೆಯೇ ಎಂದು ಕೇಳಿದರು.

ಈ ಸಲ ಅತ್ತೆ ಮಗುವಿನ ಹೊದಿಕೆ ಸರಿ ಮಾಡುತ್ತಾ ನನ್ನ ಕಡೆ ನೋಡಿದರು.

"ಅಲ್ಲ ಕಣ್ರೀ" ಎಂದೆ. "ಎರಡನೇದು."

ದೊಡ್ಡದು ಎಷ್ಟು ದೊಡ್ಡದಾಗಿದೆ ಎಂದು ಆ ಹೆಂಗಸು ಸಹಜವಾಗಿ ಕೇಳಿದರು. ನಾನು ಮಂಚದಿಂದ ಕೈ ಹೊರಗೆ ಚಾಚಿ, ನೆಲದಿಂದ ಇಷ್ಟು ಎಂದು ಎತ್ತರ ತೋರಿಸಿದೆ. ಅತ್ತೆ ಒಂದು ಗಳಿಗೆ ನನ್ನ ಕೈಯನ್ನೇ ನೋಡಿದರು. ಆಮೇಲೆ ಬಗ್ಗಿ, ನನ್ನ ಅಂಗೈಯನ್ನು ಕೆಳಗಿಂದ ಹಿಡಿದು, ಒಂದು ಬೆರಳಿನಷ್ಟು ಮೇಲಕ್ಕೆ ಎತ್ತಿದರು.

"ಈಗ ಇಷ್ಟಾಗೈತೆ" ಎಂದರು.